ಕೈ ಎತ್ತುವ ಮುನ್ನ: ಪರೀಕ್ಷೆಯ ದಿನಗಳಲ್ಲಿ ನೆರವು ಕೇಳಲು ವಿದ್ಯಾರ್ಥಿಗಳು ಏಕೆ ಹಿಂಜರಿಯುತ್ತಾರೆ?

ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಗೆ ನಿಂತಿದ್ದ ಒಂದು ಬೆಳಿಗ್ಗೆ ನಡೆದದ್ದು ಇದು. ಪರೀಕ್ಷೆ ಆರಂಭವಾಗಿ ಅರ್ಧ ಗಂಟೆ ಕಳೆದಿತ್ತು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಪ್ರಶ್ನೆಪತ್ರಿಕೆಯನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದಳು. ಪೆನ್ನಿನ ಮುಚ್ಚಳ ಹಾಕುವುದು, ತೆಗೆಯುವುದು, ಒಮ್ಮೆ ನನ್ನ ಕಡೆ ನೋಡಿ ಕೂಡಲೇ ತಲೆ ತಗ್ಗಿಸುವುದು ನಡೆದೇ ಇತ್ತು. ಸ್ವಲ್ಪ ಹೊತ್ತಿಗೆ ಅವಳ ಹಿಂದೆ ಕುಳಿತಿದ್ದ ಇನ್ನೊಬ್ಬ ಹುಡುಗಿ ಕೈ ಎತ್ತಿ, ತನ್ನ ಪ್ರಶ್ನೆಪತ್ರಿಕೆಯ ಒಂದು ಪುಟ ಅಚ್ಚಾಗದೆ ಖಾಲಿ ಉಳಿದಿದೆ ಎಂದಳು. ನಾನು ಬೇರೆ ಪ್ರತಿ ತಂದುಕೊಡುತ್ತಿದ್ದಂತೆಯೇ ಮೂರನೆಯ ಸಾಲಿನ ಕೈಯೂ ಮೇಲೆದ್ದಿತು: "ಮೇಡಂ, ನನ್ನದರಲ್ಲೂ ಆ ಪುಟ ಖಾಲಿ ಇದೆ." ಪರೀಕ್ಷೆ ಮುಗಿದ ಮೇಲೆ ಅವಳನ್ನು ಕರೆದು, ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. "ನಾನೇ ಏನೋ ತಪ್ಪಾಗಿ ನೋಡ್ತಿದ್ದೀನೇನೋ ಅಂದ್ಕೊಂಡೆ ಮೇಡಂ. ಬೇರೆ ಯಾರೂ ಏನೂ ಕೇಳ್ತಿರಲಿಲ್ಲ" ಎಂದಳು.

ಆ ಎರಡು ಸಣ್ಣ ವಾಕ್ಯಗಳಲ್ಲಿ ಈ ಲೇಖನದ ಇಡೀ ವಿಷಯ ಅಡಗಿದೆ. ಮೊದಲನೆಯದು ತನ್ನ ಕಣ್ಣಿಗೆ ಕಂಡದ್ದನ್ನೇ ನಂಬಲಾಗದ ಆತ್ಮವಿಶ್ವಾಸದ ಕೊರತೆ. ಎರಡನೆಯದು ಸುತ್ತಲಿನ ಓರಗೆಯವರ ಮೌನವನ್ನು ನೋಡಿ ತನ್ನ ನಡೆಯನ್ನು ತೀರ್ಮಾನಿಸುವ ರೀತಿ. ತಪ್ಪು ಮುದ್ರಣದ್ದಾಗಿತ್ತು, ಕೇಳುವ ಹಕ್ಕು ಪೂರ್ತಿ ಅವಳದಾಗಿತ್ತು, ಕೇಳಿದ್ದರೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಆದರೂ ಆ ಕೈಯನ್ನು ಎತ್ತಿಸಲು ಮತ್ತೊಂದು ಕೈ ಮೊದಲು ಏಳಬೇಕಾಯಿತು. ಹೀಗಿರುವಾಗ, ಕಳೆದುಕೊಳ್ಳುವುದು ಬಹಳಷ್ಟಿದೆ ಎಂದು ವಿದ್ಯಾರ್ಥಿಗೆ ಅನ್ನಿಸುವ ಸಂದರ್ಭಗಳಲ್ಲಿ, ಅಂದರೆ ಪಾಠ ಅರ್ಥವಾಗಿಲ್ಲ ಎಂದು ಹೇಳಬೇಕಾದಾಗ, ಭಯದಿಂದ ನಿದ್ದೆ ಬರುತ್ತಿಲ್ಲ ಎಂದು ಒಪ್ಪಿಕೊಳ್ಳಬೇಕಾದಾಗ, ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ನೆರವು ಕೇಳುವುದನ್ನು ನಾವು ಸಾಮಾನ್ಯವಾಗಿ ಸ್ವಭಾವದ ಮಾತಾಗಿ ನೋಡುತ್ತೇವೆ. "ಅವನು ಸಂಕೋಚದ ಹುಡುಗ", "ಅವಳು ಧೈರ್ಯವಂತೆ, ಏನೇ ಇದ್ದರೂ ಕೇಳಿಬಿಡುತ್ತಾಳೆ" ಎಂದು ಹೇಳಿ ಮುಂದೆ ಹೋಗುತ್ತೇವೆ. ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಶಿಕ್ಷಣ ಮನೋವಿಜ್ಞಾನಿಗಳು ಈ ವಿಷಯದಲ್ಲಿ ಮಾಡಿರುವ ಕೆಲಸವನ್ನು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಕೇಳಬೇಕೋ ಬೇಡವೋ ಎಂಬ ಗಳಿಗೆಯಲ್ಲಿ ವಿದ್ಯಾರ್ಥಿಯ ಮನಸ್ಸು ಒಂದು ಲೆಕ್ಕ ಹಾಕುತ್ತದೆ: ಕೇಳಿದರೆ ಸಿಗುವುದೇನು, ಕೇಳಿದ್ದಕ್ಕೆ ತೆರಬೇಕಾದದ್ದೇನು? ಸಿಗುವುದರ ಅಂದಾಜನ್ನು ಬಹುಮಟ್ಟಿಗೆ ಆತ್ಮವಿಶ್ವಾಸ ನಿರ್ಧರಿಸುತ್ತದೆ; ತೆರಬೇಕಾದದ್ದರ ಅಂದಾಜನ್ನು ಬಹುಮಟ್ಟಿಗೆ ಗೆಳೆತನ ನಿರ್ಧರಿಸುತ್ತದೆ. ಹಾಗಾಗಿ ಒಬ್ಬನೇ ಹುಡುಗ ಒಂದು ತರಗತಿಯಲ್ಲಿ ಬಾಯಿ ಬಿಡದೆ ಕುಳಿತು, ಇನ್ನೊಂದು ತರಗತಿಯಲ್ಲಿ ನಿಸ್ಸಂಕೋಚವಾಗಿ ಪ್ರಶ್ನೆ ಕೇಳುವುದು ಸಾಧ್ಯ. ಅವನ ಸ್ವಭಾವ ಬದಲಾಗಿರುವುದಿಲ್ಲ, ಲೆಕ್ಕ ಬದಲಾಗಿರುತ್ತದೆ.

ಈ ದಿಕ್ಕಿನ ಚಿಂತನೆಗೆ ತಳಪಾಯ ಹಾಕಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಶರೋನ್ ನೆಲ್ಸನ್-ಲೆ ಗಾಲ್ ಮುಖ್ಯರು. 1981ರಲ್ಲಿ ಪ್ರಕಟವಾದ ಅವರ ಲೇಖನ, ನೆರವು ಕೇಳುವುದನ್ನು ಪರಾವಲಂಬನೆಯ ಗುರುತಾಗಿ ನೋಡುತ್ತಿದ್ದ ಅಂದಿನ ರೂಢಿಯನ್ನು ಪ್ರಶ್ನಿಸಿ, ಅದು ಸಮಸ್ಯೆ ಬಿಡಿಸುವ ಕೌಶಲಗಳಲ್ಲೊಂದು ಎಂದು ವಾದಿಸಿತು. ಅವರ ಪ್ರಕಾರ ನೆರವು ಕೇಳುವುದು ಒಂದೇ ಹೆಜ್ಜೆಯಲ್ಲಿ ಮುಗಿಯುವ ಕೆಲಸವಲ್ಲ. ತನಗೆ ನೆರವು ಬೇಕಿದೆ ಎಂದು ಮೊದಲು ತಿಳಿಯಬೇಕು, ಕೇಳಲು ನಿರ್ಧರಿಸಬೇಕು, ಯಾರನ್ನು ಕೇಳಬೇಕೆಂದು ಗುರುತಿಸಬೇಕು, ಹೇಗೆ ಕೇಳಬೇಕೆಂದು ತಿಳಿದಿರಬೇಕು, ಕೊನೆಗೆ ಸಿಕ್ಕಿದ ಉತ್ತರ ಸಾಕೇ ಎಂದು ಅಳೆಯಬೇಕು. ಇವುಗಳಲ್ಲಿ ಯಾವ ಹೆಜ್ಜೆಯಲ್ಲಾದರೂ ವಿದ್ಯಾರ್ಥಿ ನಿಂತುಬಿಡಬಹುದು, ಹೊರಗಿನಿಂದ ನೋಡುವವರಿಗೆ ಮಾತ್ರ ಎಲ್ಲವೂ ಒಂದೇ ಮೌನವಾಗಿ ಕಾಣುತ್ತದೆ.

ಅವರು ಮಾಡಿದ ಇನ್ನೊಂದು ವಿಂಗಡಣೆ ಇಂದಿಗೂ ಅಷ್ಟೇ ಉಪಯುಕ್ತ. ಕೆಲವರು ಮುಂದಿನ ಲೆಕ್ಕವನ್ನು ತಾವೇ ಮಾಡುವಂತಾಗಲು ಎಷ್ಟು ಬೇಕೋ ಅಷ್ಟು ಸುಳಿವು ಕೇಳುತ್ತಾರೆ. ಇನ್ನು ಕೆಲವರು ಕೆಲಸ ಮುಗಿದರೆ ಸಾಕೆಂದು ಉತ್ತರವನ್ನೇ ಕೇಳುತ್ತಾರೆ. "ಈ ಹಂತದಿಂದ ಆ ಹಂತಕ್ಕೆ ಹೇಗೆ ಬಂತು?" ಎಂಬುದು ಮೊದಲನೆಯದು, "ನಿನ್ನ ನೋಟ್ಸ್ ಫೋಟೋ ಕಳಿಸು" ಎಂಬುದು ಎರಡನೆಯದು. ಕಲಿಕೆಯನ್ನು ಮುಂದಕ್ಕೆ ಒಯ್ಯುವುದು ಮೊದಲನೆಯದೇ. ಪರೀಕ್ಷೆ ಹತ್ತಿರವಾದಂತೆ, ಸಮಯ ಕಡಿಮೆಯಾದಂತೆ, ವಿದ್ಯಾರ್ಥಿಗಳು ಎರಡನೆಯದರತ್ತ ಜಾರುವುದನ್ನು ಪಾಠ ಹೇಳುವ ಯಾರಾದರೂ ಕಂಡಿರುತ್ತಾರೆ.

ಈಗ ಆತ್ಮವಿಶ್ವಾಸದ ಮಾತಿಗೆ ಬರೋಣ. ಇಲ್ಲಿ ಮೊದಲ ನೋಟಕ್ಕೆ ಒಗಟಿನಂತೆ ಕಾಣುವ ಸಂಗತಿಯೊಂದಿದೆ. ಆತ್ಮವಿಶ್ವಾಸ ಕಡಿಮೆ ಇರುವವರಿಗೇ ನೆರವಿನ ಅಗತ್ಯ ಹೆಚ್ಚು, ಆದ್ದರಿಂದ ಅವರೇ ಹೆಚ್ಚು ಕೇಳಬೇಕು ಎಂದು ನಮ್ಮ ಸಾಮಾನ್ಯ ತರ್ಕ ಹೇಳುತ್ತದೆ. ನಡೆಯುವುದು ಇದಕ್ಕೆ ತಿರುಗುಮುರುಗು. ಆಲಿಸನ್ ರಯಾನ್ ಮತ್ತು ಪಾಲ್ ಪಿಂಟ್ರಿಚ್ 1997ರಲ್ಲಿ ಪ್ರಕಟಿಸಿದ, ಗಣಿತ ತರಗತಿಯ ಹದಿಹರೆಯದ ಮಕ್ಕಳನ್ನು ಕುರಿತ ಅಧ್ಯಯನದಲ್ಲಿ, ತಮ್ಮ ಸಾಮರ್ಥ್ಯದ ಬಗ್ಗೆ ಅನುಮಾನವಿದ್ದ ಮಕ್ಕಳಿಗೆ ನೆರವು ಕೇಳುವುದೇ ಒಂದು ಬೆದರಿಕೆಯಂತೆ ತೋರುತ್ತಿತ್ತು, ಆದ್ದರಿಂದಲೇ ಅವರು ಕೇಳುವುದನ್ನು ತಪ್ಪಿಸುತ್ತಿದ್ದರು ಎಂಬುದು ಕಂಡುಬಂತು. ಕಾರಣವನ್ನು ತಿಳಿಯುವುದು ಕಷ್ಟವಲ್ಲ. ತಾನು ಜಾಣ ಎಂದು ನಂಬಿರುವ ಹುಡುಗನಿಗೆ ಒಂದು ಪ್ರಶ್ನೆ ಕೇವಲ ಒಂದು ಪ್ರಶ್ನೆ. ತಾನು ದಡ್ಡ ಎಂಬ ಅಳುಕು ಇರುವವನಿಗೆ ಅದೇ ಪ್ರಶ್ನೆ, ತಾನು ಇಷ್ಟು ದಿನ ಮುಚ್ಚಿಟ್ಟುಕೊಂಡು ಬಂದ ಗುಟ್ಟನ್ನು ತಾನೇ ಬಯಲು ಮಾಡಿದಂತೆ.

ಇಲ್ಲಿ ಆತ್ಮವಿಶ್ವಾಸ ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಅದು "ನಾನು ಒಳ್ಳೆಯವನು, ಬುದ್ಧಿವಂತ" ಎಂಬ ಸಾಮಾನ್ಯ ಭಾವನೆಯಾಗಿರದೆ, ಒಂದು ನಿರ್ದಿಷ್ಟ ಕೆಲಸವನ್ನು ತಾನು ಮಾಡಬಲ್ಲೆ ಎಂಬ ನಂಬಿಕೆ. ಆ ನಂಬಿಕೆಗೆ ಅವರು ನಾಲ್ಕು ಮೂಲಗಳನ್ನು ಹೇಳಿದರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದದ್ದನ್ನು ನೋಡಿದ ಅನುಭವ, ನಂಬಿಕಸ್ಥರ ಪ್ರೋತ್ಸಾಹದ ಮಾತು, ಮತ್ತು ತನ್ನ ದೇಹ ಹಾಗೂ ಮನಸ್ಸು ಆ ಹೊತ್ತಿಗೆ ಕೊಡುತ್ತಿರುವ ಸೂಚನೆಗಳು. ಈ ನಾಲ್ಕರಲ್ಲಿ ಎರಡು ನೇರವಾಗಿ ಗೆಳೆಯರ ಮೂಲಕ ಬರುವಂಥವು ಎಂಬುದನ್ನು ಗಮನಿಸಬೇಕು. ತನ್ನಷ್ಟೇ ಅಂಕ ತೆಗೆಯುವ ಗೆಳತಿ ಮೇಷ್ಟ್ರ ಹತ್ತಿರ ಹೋಗಿ ಕೇಳಿ, ಬಯ್ಯಿಸಿಕೊಳ್ಳದೆ, ಉತ್ತರ ತಿಳಿದುಕೊಂಡು ಬಂದದ್ದನ್ನು ನೋಡಿದ ವಿದ್ಯಾರ್ಥಿನಿಗೆ ಆಗುವ ಧೈರ್ಯ, ಹತ್ತು ಉಪದೇಶಗಳಿಂದ ಆಗುವುದಿಲ್ಲ. ತರಗತಿಯ ಮೊದಲ ರ್‍ಯಾಂಕಿನ ಹುಡುಗ ಕೇಳಿದ್ದನ್ನು ನೋಡಿದರೆ ಅಷ್ಟು ಪರಿಣಾಮವಾಗುವುದಿಲ್ಲ, ಏಕೆಂದರೆ ಅವನು ತನ್ನಂಥವನಲ್ಲ.

ಅತಿಯಾದ ಆತ್ಮವಿಶ್ವಾಸವೂ ಅಷ್ಟೇ ಬಿಗಿಯಾಗಿ ಬಾಯಿ ಮುಚ್ಚಿಸುತ್ತದೆ, ಅದು ಬೇರೆ ದಾರಿಯಿಂದ. ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ 1999ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನಗಳಲ್ಲಿ, ಅತಿ ಕಡಿಮೆ ಅಂಕ ಪಡೆದ ಕಾಲುಭಾಗದವರು ಸರಾಸರಿಯಲ್ಲಿ ನೂರು ಮಂದಿಯಲ್ಲಿ ಕೆಳಗಿನಿಂದ 12ನೆಯ ಸ್ಥಾನದ ಮಟ್ಟದಲ್ಲಿದ್ದರೂ, ತಾವು ಕೆಳಗಿನಿಂದ 62ನೆಯ ಮಟ್ಟದಲ್ಲಿದ್ದೇವೆ ಎಂದು ಅಂದಾಜಿಸಿಕೊಂಡಿದ್ದರು. ನೆಲ್ಸನ್-ಲೆ ಗಾಲ್ ಹೇಳಿದ ಮೊದಲ ಹೆಜ್ಜೆಯಲ್ಲೇ, ಅಂದರೆ ನೆರವು ಬೇಕಿದೆ ಎಂದು ತಿಳಿಯುವಲ್ಲೇ, ಇಂಥವರು ನಿಂತುಬಿಡುತ್ತಾರೆ. ಪರೀಕ್ಷೆಗೆ ಓದುವ ನಮ್ಮ ರೂಢಿಯ ವಿಧಾನ ಈ ಭ್ರಮೆಗೆ ನೀರೆರೆಯುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ತಮ್ಮ ನೆನಪಿನ ಬಗ್ಗೆ ಹೆಚ್ಚು ಭರವಸೆಯಿತ್ತು. ವಾರದ ನಂತರ ಪರೀಕ್ಷಿಸಿದಾಗ ಮಾತ್ರ, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಲು ಯತ್ನಿಸಿದ್ದವರೇ ಅವರಿಗಿಂತ ಮುಂದಿದ್ದರು. ಐದು ಬಾರಿ ಓದಿ ಅಡಿಗೆರೆ ಎಳೆದ ಪುಟ ಪರಿಚಿತವಾಗಿ ಕಾಣುತ್ತದೆ. ಪರಿಚಯವನ್ನೇ ತಿಳಿವಳಿಕೆ ಎಂದುಕೊಂಡ ವಿದ್ಯಾರ್ಥಿಗೆ ಕೇಳಲು ಪ್ರಶ್ನೆಯೇ ಹುಟ್ಟುವುದಿಲ್ಲ. ಪುಸ್ತಕ ಮುಚ್ಚಿಸಿ, "ಎಲ್ಲಿ, ನನಗೆ ವಿವರಿಸು ನೋಡೋಣ" ಎನ್ನುವ ಒಬ್ಬ ಗೆಳೆಯನಿದ್ದರೆ ಆ ಭ್ರಮೆ ಎರಡು ನಿಮಿಷದಲ್ಲಿ ಕಳಚಿ ಬೀಳುತ್ತದೆ, ಅದೂ ಪರೀಕ್ಷೆಗೆ ಮುಂಚೆಯೇ.

ಹಾಗಾದರೆ ನೆರವು ಕೇಳಿಸುವ ಆತ್ಮವಿಶ್ವಾಸ ಎಂಥದು? ತನಗೆ ಎಲ್ಲವೂ ಗೊತ್ತಿದೆ ಎಂಬ ನಂಬಿಕೆ ಅದಲ್ಲ. ಹೇಳಿಕೊಟ್ಟರೆ ತಾನು ಕಲಿಯಬಲ್ಲೆ, ಸಿಕ್ಕ ನೆರವನ್ನು ಬಳಸಿಕೊಳ್ಳಬಲ್ಲೆ ಎಂಬ ನಂಬಿಕೆ. ಕೈ ಚೆಲ್ಲಿ ಕುಳಿತ ವಿದ್ಯಾರ್ಥಿಯಲ್ಲಿ ಇಲ್ಲದಿರುವುದು ಇದೇ. "ಕೇಳಿದರೂ ನನ್ನ ತಲೆಗೆ ಹೋಗಲ್ಲ ಬಿಡಿ" ಎನ್ನುವ ಮಾತನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ. ಆ ಮಾತು ಆಡುವವನ ಲೆಕ್ಕದಲ್ಲಿ ನೆರವಿನಿಂದ ಸಿಗುವ ಲಾಭ ಸೊನ್ನೆ, ಆದ್ದರಿಂದ ತೆರಬೇಕಾದದ್ದು ಎಷ್ಟೇ ಕಡಿಮೆಯಿದ್ದರೂ ಅವನಿಗೆ ಅದು ನಷ್ಟದ ಬಾಬತ್ತು.

ಇನ್ನು ತೆರಬೇಕಾದದ್ದರ ವಿಷಯ. ಅದರ ಬಹುಭಾಗ ಇರುವುದು ಓರಗೆಯವರ ಕಣ್ಣಿನಲ್ಲಿ. ಡೇಲ್ ಮಿಲ್ಲರ್ ಮತ್ತು ಕ್ಯಾಥಿ ಮೆಕ್‌ಫಾರ್ಲಂಡ್ 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಬಹಳ ಸ್ಪಷ್ಟವಾಗಿ ಹಿಡಿದುಕೊಡುತ್ತದೆ. ವಿದ್ಯಾರ್ಥಿಗಳ ಸಣ್ಣ ಗುಂಪುಗಳಿಗೆ, ಯಾರಿಗೂ ಅರ್ಥವಾಗದಂತೆ ಬೇಕೆಂದೇ ಗೋಜಲಾಗಿ ಬರೆದ ಲೇಖನವೊಂದನ್ನು ಓದಲು ಕೊಟ್ಟು, ಅರ್ಥವಾಗುವುದು ತೀರಾ ಕಷ್ಟವಾದರೆ ಪ್ರಯೋಗ ನಡೆಸುವವರ ಬಳಿಗೆ ಬಂದು ಕೇಳಬಹುದು ಎಂದು ಹೇಳಲಾಯಿತು. ಯಾರೂ ಹೋಗಲಿಲ್ಲ. ಕುತೂಹಲದ ಸಂಗತಿ ಆಮೇಲಿನದು: ಪ್ರತಿಯೊಬ್ಬರೂ ತಾವು ಕೇಳದೆ ಇದ್ದದ್ದು ಮುಜುಗರದಿಂದ ಎಂದು ಬಲ್ಲವರಾಗಿದ್ದರು, ಆದರೆ ಉಳಿದವರು ಕೇಳದೆ ಇದ್ದದ್ದು ಅವರಿಗೆ ಅರ್ಥವಾಗಿರುವುದರಿಂದ ಎಂದು ಭಾವಿಸಿದ್ದರು. ಒಂದೇ ಮೌನಕ್ಕೆ ಎರಡು ಅರ್ಥ. ನನ್ನದಾದರೆ ನಾಚಿಕೆ, ನಿನ್ನದಾದರೆ ಜಾಣತನ. "ಏನಾದರೂ ಡೌಟ್ ಇದೆಯಾ?" ಎಂದು ಕೇಳಿದ ಮೇಲೆ ತರಗತಿಯಲ್ಲಿ ಕವಿಯುವ ನಿಶ್ಶಬ್ದವನ್ನು ನೆನಪಿಸಿಕೊಂಡರೆ ಇದು ಎಷ್ಟು ನಿಜ ಎಂಬುದು ತಿಳಿಯುತ್ತದೆ. ನಲವತ್ತು ಮಂದಿ ಪರಸ್ಪರರ ಮೌನವನ್ನು ತಪ್ಪಾಗಿ ಓದಿಕೊಂಡು, ನಲವತ್ತು ಮಂದಿಯೂ ತಾನೊಬ್ಬನೇ ಹಿಂದುಳಿದವನು ಎಂದು ತಿಳಿದುಕೊಂಡು ಮನೆಗೆ ಹೋಗುತ್ತಾರೆ.

ಈ ತಪ್ಪು ಓದನ್ನು ಮುರಿಯುವ ಅತ್ಯಂತ ಸರಳ ಶಕ್ತಿ ಗೆಳೆತನಕ್ಕಿದೆ. ತರಗತಿಯಿಂದ ಹೊರಬರುತ್ತಲೇ "ಲೇ, ನಿಂಗೇನಾದ್ರೂ ಅರ್ಥ ಆಯ್ತೇನೋ?" ಎಂದು ಒಬ್ಬ, "ಒಂದಕ್ಷರ ಇಲ್ಲ ಕಣೋ" ಎಂದು ಇನ್ನೊಬ್ಬ ಹೇಳಿದಾಗ ಇಬ್ಬರ ಎದೆಯ ಮೇಲಿನ ಭಾರವೂ ಇಳಿಯುತ್ತದೆ. ಕೊರತೆ ತನ್ನೊಬ್ಬನದಲ್ಲ, ಪಾಠವೇ ಕಠಿಣವಾಗಿದೆ ಎಂದು ತಿಳಿದ ಕ್ಷಣದಿಂದ ಮೇಷ್ಟ್ರನ್ನು ಕೇಳುವುದು ತಪ್ಪೊಪ್ಪಿಗೆಯಾಗಿ ಉಳಿಯುವುದಿಲ್ಲ. ಇಬ್ಬರೂ ಸೇರಿ ಹೋಗಿ ಕೇಳುವುದು ಇನ್ನೂ ಸುಲಭ. ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ವಿದ್ಯಾರ್ಥಿಗಳು ಜೋಡಿಯಾಗಿ ಬಂದು ನಿಲ್ಲುವುದೇ ಹೆಚ್ಚು. ಹಲವು ಸಲ ಅವರಲ್ಲಿ ಒಬ್ಬರಿಗೆ ಪ್ರಶ್ನೆಯೇ ಇರುವುದಿಲ್ಲ, ಜೊತೆಗೆ ಬಂದಿರುತ್ತಾರೆ ಅಷ್ಟೆ. ಆ ಜೊತೆಯ ಬೆಲೆ ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಮೊದಮೊದಲು "ಕೆಲಸವಿಲ್ಲದವರು ಹೊರಗಿರಿ" ಎಂದು ನಾನೇ ಕಳಿಸಿಬಿಡುತ್ತಿದ್ದೆ, ಒಳಗೆ ಉಳಿದವರ ಮಾತು ಅರ್ಧದಲ್ಲೇ ನಿಂತುಹೋಗುತ್ತಿತ್ತು.

ಗೆಳೆಯರ ಗುಂಪು ಕಲಿಕೆಯನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದು ಎಂಬುದಕ್ಕೆ ಗಣಿತಜ್ಞ ಯೂರಿ ಟ್ರೈಸ್‌ಮನ್ ಅವರ ಕೆಲಸಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಕಲನಶಾಸ್ತ್ರದ ಮೊದಲ ಕೋರ್ಸಿನಲ್ಲಿ ಕಪ್ಪು ವಿದ್ಯಾರ್ಥಿಗಳು ದೊಡ್ಡ ಪ್ರಮಾಣದಲ್ಲಿ ಹಿಂದೆ ಬೀಳುತ್ತಿದ್ದರು. ಪೂರ್ವಸಿದ್ಧತೆ ಸಾಲದು, ಆಸಕ್ತಿ ಸಾಲದು, ಮನೆಯ ಬೆಂಬಲ ಸಾಲದು ಎಂದು ಅಧ್ಯಾಪಕರು ಊಹಿಸುತ್ತಿದ್ದರು. ಟ್ರೈಸ್‌ಮನ್ ಊಹೆಯನ್ನು ಬದಿಗಿಟ್ಟು, 20 ಕಪ್ಪು ವಿದ್ಯಾರ್ಥಿಗಳು ಮತ್ತು 20 ಚೀನೀ ಮೂಲದ ವಿದ್ಯಾರ್ಥಿಗಳು ನಿಜವಾಗಿ ಹೇಗೆ ಓದುತ್ತಾರೆ ಎಂಬುದನ್ನು ಹತ್ತಿರದಿಂದ ಗಮನಿಸಿದರು. ಊಹೆಗಳು ಒಂದೊಂದಾಗಿ ಉರುಳಿದವು. ಕಪ್ಪು ವಿದ್ಯಾರ್ಥಿಗಳು ಶ್ರದ್ಧೆಯಿಂದ ಓದುತ್ತಿದ್ದರು, ಆದರೆ ಒಂಟಿಯಾಗಿ ಓದುತ್ತಿದ್ದರು. ಅವರ ಗೆಳೆತನದ ಲೋಕ ಬೇರೆ, ಓದಿನ ಲೋಕ ಬೇರೆಯಾಗಿತ್ತು. ಚೀನೀ ಮೂಲದವರಲ್ಲಿ ಈ ಎರಡು ಲೋಕಗಳು ಬೆರೆತುಹೋಗಿದ್ದವು: ಮೊದಲು ಒಬ್ಬೊಬ್ಬರೇ ಲೆಕ್ಕ ಮಾಡಿ, ನಂತರ ಒಟ್ಟಿಗೆ ಕೂತು ಉತ್ತರ ಹೋಲಿಸಿ, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಿ, ಹಳೆಯ ಪ್ರಶ್ನೆಗಳನ್ನು ಹಂಚಿಕೊಳ್ಳುತ್ತಿದ್ದರು. ಯಾರಿಗೂ ಬಿಡಿಸಲಾಗದ ಲೆಕ್ಕ ಸಿಕ್ಕಾಗ, ಅದು ತನ್ನ ದಡ್ಡತನದಿಂದಲ್ಲ, ಲೆಕ್ಕವೇ ಕಠಿಣ ಎಂಬುದು ಅವರಿಗೆ ತಾನಾಗಿಯೇ ತಿಳಿಯುತ್ತಿತ್ತು. ಒಂಟಿಯಾಗಿ ಓದುವವನಿಗೆ ಇದನ್ನು ತಿಳಿಯುವ ದಾರಿಯೇ ಇಲ್ಲ.

ಟ್ರೈಸ್‌ಮನ್ ಕಂಡ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ವಿಶ್ವವಿದ್ಯಾಲಯ ನಡೆಸುತ್ತಿದ್ದ ನೆರವಿನ ತರಗತಿಗಳತ್ತ ಆ ಕಪ್ಪು ವಿದ್ಯಾರ್ಥಿಗಳು ಸುಳಿಯುತ್ತಿರಲಿಲ್ಲ. ತಂತಮ್ಮ ಶಾಲೆಗಳಲ್ಲಿ ಮುಂದಿದ್ದು ಬಂದವರಿಗೆ, ಹಿಂದುಳಿದವರಿಗಾಗಿ ಎಂಬ ಹಣೆಪಟ್ಟಿ ಹೊತ್ತ ಬಾಗಿಲನ್ನು ತಟ್ಟುವುದು ಸಾಧ್ಯವಿರಲಿಲ್ಲ. ಆದ್ದರಿಂದ ಟ್ರೈಸ್‌ಮನ್ ರೂಪಿಸಿದ ಕಾರ್ಯಾಗಾರ ನೆರವಿನ ಹೆಸರಿನಲ್ಲಿ ನಡೆಯಲಿಲ್ಲ. ಪ್ರತಿಭಾವಂತರಿಗಾಗಿ ಎಂದು ಆಹ್ವಾನ ಹೋಯಿತು, ಸಾಮಾನ್ಯಕ್ಕಿಂತ ಕಠಿಣವಾದ ಲೆಕ್ಕಗಳನ್ನು ಸಣ್ಣ ಗುಂಪುಗಳಲ್ಲಿ ಬಿಡಿಸಲು ಕೊಡಲಾಯಿತು. ಅಲ್ಲಿ ಪಕ್ಕದವರನ್ನು ಕೇಳುವುದು ಕೆಲಸದ ಒಂದು ಭಾಗವಾಗಿತ್ತು. ಭಾಗವಹಿಸಿದವರ ಫಲಿತಾಂಶ ಗಮನಾರ್ಹವಾಗಿ ಏರಿತು, ಮುಂದೆ ಅನೇಕ ವಿಶ್ವವಿದ್ಯಾಲಯಗಳು ಆ ಮಾದರಿಯನ್ನು ತೆಗೆದುಕೊಂಡವು. ಪಾಠ ಅದೇ, ಪರೀಕ್ಷೆ ಅದೇ, ವಿದ್ಯಾರ್ಥಿಗಳೂ ಅಂಥವರೇ. ಬದಲಾದದ್ದು ಕೇಳುವುದಕ್ಕೆ ಅಂಟಿದ್ದ ಅರ್ಥ.

ಆದರೆ ಗೆಳೆತನವನ್ನು ಹೊಗಳುತ್ತಲೇ ಹೋಗುವುದು ಪ್ರಾಮಾಣಿಕವಾಗದು. ಗೆಳೆತನವೇ ಬಾಯಿ ಕಟ್ಟುವ ಸಂದರ್ಭಗಳಿವೆ, ಅವು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿವೆ. ಅಬ್ರಹಾಂ ಟೆಸ್ಸರ್ ಮತ್ತು ಜೊನಾಥನ್ ಸ್ಮಿತ್ 1980ರಲ್ಲಿ ಪ್ರಕಟಿಸಿದ ಪ್ರಯೋಗ ಮನಸ್ಸಿಗೆ ಕಹಿಯಾದರೂ ತಿಳಿದಿರಬೇಕಾದದ್ದು. ಪದ ಊಹಿಸುವ ಚಟುವಟಿಕೆಯಲ್ಲಿ ತಾವು ಹಿಂದೆ ಬಿದ್ದಿದ್ದೇವೆ ಎಂದು ತಿಳಿದವರು, ನಂತರ ಇತರರಿಗೆ ಸುಳಿವು ಕೊಡಬೇಕಿತ್ತು. ಇದು ಬರೀ ಆಟ ಎಂದು ಹೇಳಿದಾಗ ಅವರು ಅಪರಿಚಿತರಿಗಿಂತ ಗೆಳೆಯರಿಗೆ ಸುಲಭದ ಸುಳಿವು ಕೊಟ್ಟರು. ಇದು ಮುಖ್ಯ ಸಾಮರ್ಥ್ಯವೊಂದರ ಅಳತೆ ಎಂದು ಹೇಳಿದಾಗ ಗೆಳೆಯರಿಗೇ ಕಷ್ಟದ ಸುಳಿವು ಕೊಟ್ಟರು. ತನಗೆ ಮುಖ್ಯವಾದ ಕ್ಷೇತ್ರದಲ್ಲಿ ಅಪರಿಚಿತನೊಬ್ಬ ಮುಂದೆ ಹೋದರೆ ಆಗದ ನೋವು, ಪಕ್ಕದಲ್ಲೇ ಇರುವ ಗೆಳೆಯ ಮುಂದೆ ಹೋದಾಗ ಆಗುತ್ತದೆ. ಪರೀಕ್ಷೆ ಬಹುತೇಕ ವಿದ್ಯಾರ್ಥಿಗಳಿಗೆ ಅಂಥ ಕ್ಷೇತ್ರ. ಸ್ಥಾನಗಳು ಸೀಮಿತವಾಗಿದ್ದು, ಒಬ್ಬರ ಏಳಿಗೆ ಇನ್ನೊಬ್ಬರ ಇಳಿಕೆಯಾಗುವಂತೆ ಶ್ರೇಯಾಂಕ ಕೊಡುವ ಕಡೆ ಇದು ಇನ್ನಷ್ಟು ಮೊನಚಾಗುತ್ತದೆ. "ನಾನೇನೂ ಓದಿಲ್ಲ ಕಣೇ" ಎಂದು ಪರೀಕ್ಷೆಯ ಬೆಳಿಗ್ಗೆ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಹುಟ್ಟುವುದು ಇಲ್ಲಿಂದಲೇ. ಇದರಲ್ಲಿ ಮಕ್ಕಳ ಕೆಡುಕುತನವನ್ನು ನಾನು ಕಾಣುವುದಿಲ್ಲ. ಅವರನ್ನು ಹಾಗೆ ನಿಲ್ಲಿಸಿದ ಏರ್ಪಾಡಿನ ಕೆಡುಕನ್ನು ಕಾಣುತ್ತೇನೆ.

ಕೇಳುವವರ ಕಡೆಯಿಂದಲೂ ಇದಕ್ಕೆ ಒಂದು ಮುಖವಿದೆ. ಯಾವಾಗಲೂ ಕೇಳುವವಳು ಒಬ್ಬಳೇ, ಯಾವಾಗಲೂ ಹೇಳಿಕೊಡುವವಳು ಇನ್ನೊಬ್ಬಳೇ ಆದರೆ, ಸಮಾನರ ನಡುವಿನ ಗೆಳೆತನ ಋಣದ ಸಂಬಂಧವಾಗಿ ತಿರುಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಮೊಬೈಲಿನಲ್ಲಿ "ಮೂರನೇ ಅಧ್ಯಾಯ ಸ್ವಲ್ಪ ಹೇಳಿಕೊಡ್ತೀಯಾ" ಎಂದು ಟೈಪ್ ಮಾಡಿ, "ಅವಳೂ ಓದ್ತಿರ್ತಾಳೆ, ಎಷ್ಟು ಸಲ ಅಂತ ತೊಂದರೆ ಕೊಡೋದು" ಎಂದುಕೊಂಡು ಅಳಿಸಿಬಿಡುವ ವಿದ್ಯಾರ್ಥಿನಿಗೆ ಗೆಳತಿ ಇಲ್ಲದಿಲ್ಲ, ಗೆಳತಿ ಇರುವುದೇ ಕಷ್ಟವಾಗಿದೆ. ತಾನೂ ಏನನ್ನಾದರೂ ತಿರುಗಿ ಕೊಡುತ್ತಿದ್ದೇನೆ ಎಂಬ ಭಾವನೆ ಇದ್ದಲ್ಲಿ ಇದು ಕರಗುತ್ತದೆ. ಒಬ್ಬಳು ಗಣಿತ ಹೇಳಿಕೊಟ್ಟು, ಇನ್ನೊಬ್ಬಳು ಭಾಷಾ ಪಾಠವನ್ನು ಓದಿ ಹೇಳುವ ಜೋಡಿಗಳು ಪರೀಕ್ಷೆಯುದ್ದಕ್ಕೂ ಬಾಳುವುದು ಈ ಕಾರಣದಿಂದಲೇ.

ಗೆಳೆಯರ ನೆರವು ಎಲ್ಲಿ ನಿಲ್ಲಬೇಕು ಎಂಬ ಗೆರೆಯೂ ಪರೀಕ್ಷೆಯಲ್ಲಿ ಎಳೆಯಲ್ಪಡುತ್ತದೆ. ಕೊಠಡಿಯ ಹೊರಗೆ ಗುಣವಾದದ್ದು ಒಳಗೆ ಅಪರಾಧ. ತೋರಿಸದವನು ಗೆಳೆಯನೇ ಅಲ್ಲ ಎಂಬ ಒತ್ತಡಕ್ಕೆ ಸಿಕ್ಕವರ ಸಂಕಟ ದೊಡ್ಡದು. ಇದಕ್ಕಿಂತ ಕಡಿಮೆ ಗಮನಕ್ಕೆ ಬರುವ ಪರಿಣಾಮ ಇನ್ನೊಂದಿದೆ: ನಕಲಿನ ಕುರಿತ ಎಚ್ಚರಿಕೆಗಳನ್ನೇ ಕೇಳಿ ಕೇಳಿ, ಕೊಠಡಿಯೊಳಗೆ ಬಾಯಿ ಬಿಡುವುದೇ ಅನುಮಾನಕ್ಕೆ ಎಡೆ ಎಂದು ಹೆದರುವ ವಿದ್ಯಾರ್ಥಿಗಳು, ಹೆಚ್ಚುವರಿ ಹಾಳೆ ಬೇಕೆಂದೋ, ಅಚ್ಚು ಮಸುಕಾಗಿದೆಯೆಂದೋ, ತಲೆ ಸುತ್ತುತ್ತಿದೆಯೆಂದೋ ಮೇಲ್ವಿಚಾರಕರಿಗೆ ಹೇಳಲೂ ಹಿಂದೇಟು ಹಾಕುತ್ತಾರೆ. ಯಾವುದನ್ನು ಕೇಳಬಾರದು ಎಂದು ನಾವು ಹೇಳುವಷ್ಟು ಸ್ಪಷ್ಟವಾಗಿ, ಯಾವುದನ್ನು ಕೇಳಬಹುದು ಎಂದು ಹೇಳುವುದಿಲ್ಲ.

ಮನಸ್ಸಿನ ಸಂಕಟದ ವಿಷಯಕ್ಕೆ ಬಂದರೆ ಗೆಳೆಯರ ಪಾತ್ರ ಇನ್ನೂ ಸೂಕ್ಷ್ಮ. ಪರೀಕ್ಷಾ ಭಯ ಕೆಲವರ ಕಾಯಿಲೆಯಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) ಹಲವು ದೇಶಗಳ ವಿದ್ಯಾರ್ಥಿಗಳ ಕಲಿಕೆಯನ್ನು ಅಳೆಯಲು ನಡೆಸುವ ಪೀಸಾ ಸಮೀಕ್ಷೆಯ 2015ರ ಸುತ್ತಿನಲ್ಲಿ, ಸದಸ್ಯ ದೇಶಗಳ 15 ವರ್ಷದ ವಿದ್ಯಾರ್ಥಿಗಳಲ್ಲಿ ಸರಾಸರಿ ಶೇ. 59ರಷ್ಟು ಮಂದಿ ಪರೀಕ್ಷೆ ಕಷ್ಟವಾಗಬಹುದೆಂದು ಆಗಾಗ ಚಿಂತಿಸುತ್ತೇವೆ ಎಂದೂ, ಶೇ. 55ರಷ್ಟು ಮಂದಿ ಚೆನ್ನಾಗಿ ತಯಾರಾಗಿದ್ದರೂ ತುಂಬಾ ಆತಂಕವಾಗುತ್ತದೆ ಎಂದೂ ಹೇಳಿದ್ದರು. ಹದಿಹರೆಯದವರು ಇಂಥ ಆತಂಕವನ್ನು ವೈದ್ಯರಿಗೋ ಆಪ್ತಸಮಾಲೋಚಕರಿಗೋ ಹೇಳುವುದಕ್ಕಿಂತ ಮೊದಲು ಗೆಳೆಯರಿಗೆ ಹೇಳುತ್ತಾರೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಹೇಳಿಕೊಳ್ಳುವುದರಿಂದ ಹಗುರವಾಗುವುದು ನಿಜ. ಆದರೆ ಹೇಳಿದ್ದನ್ನೇ ಹೇಳುತ್ತಾ, ಒಬ್ಬರ ಭಯಕ್ಕೆ ಇನ್ನೊಬ್ಬರ ಭಯ ಸೇರಿಸುತ್ತಾ ಹೋಗುವ ಮಾತುಕತೆ ಬೇರೆ. ಅಮಂಡಾ ರೋಸ್ ಎಂಬ ಮನೋವಿಜ್ಞಾನಿ 2002ರಲ್ಲಿ ತೋರಿಸಿದಂತೆ, ಹೀಗೆ ಸಮಸ್ಯೆಯ ಸುತ್ತಲೇ ಸುತ್ತುವ ಮಾತುಕತೆ ಇರುವಲ್ಲಿ ಗೆಳೆತನ ಹೆಚ್ಚು ಆಪ್ತವಾಗಿರುತ್ತದೆ, ಜೊತೆಗೇ ಆತಂಕ ಮತ್ತು ಖಿನ್ನತೆಯ ಲಕ್ಷಣಗಳೂ ಹೆಚ್ಚಿರುತ್ತವೆ. ಆಪ್ತತೆ ಹೆಚ್ಚುವುದರಿಂದ ಅದನ್ನು ಬಿಡುವುದು ಇಬ್ಬರಿಗೂ ಕಷ್ಟ.

ಗೆಳೆಯನಿಗೆ ಹೇಳಿದ್ದು ಗೆಳೆಯನಲ್ಲೇ ಉಳಿಯುತ್ತದೆಯೋ, ಅವನ ಮೂಲಕ ದೊಡ್ಡವರೊಬ್ಬರನ್ನು ತಲುಪುತ್ತದೆಯೋ ಎಂಬುದು ಇಲ್ಲಿ ನಿರ್ಣಾಯಕ. "ಯಾರಿಗೂ ಹೇಳಬೇಡ" ಎಂದು ಆಣೆ ಹಾಕಿಸಿಕೊಂಡ ಗೆಳೆಯ ಹದಿನಾರರ ವಯಸ್ಸಿನಲ್ಲಿ ಹೊರಲಾಗದ ಹೊರೆಯನ್ನು ಹೊರುತ್ತಾನೆ. ಸಂಕಟ ಆಳವಾದಷ್ಟೂ ನೆರವು ಕೇಳುವ ಮನಸ್ಸು ಕುಗ್ಗುತ್ತದೆ ಎಂಬುದನ್ನು, ಆತ್ಮಹತ್ಯೆಯ ಯೋಚನೆಗಳಿದ್ದ ಯುವಜನರ ಅಧ್ಯಯನಗಳು ತೋರಿಸಿವೆ. ಅಂಥ ಹೊತ್ತಿನಲ್ಲಿ ಗುಟ್ಟು ಕಾಯುವುದು ಗೆಳೆತನದ ದ್ರೋಹವಲ್ಲದಿದ್ದರೂ ಅಪಾಯ. ನಂಬಿಕಸ್ಥ ಶಿಕ್ಷಕರಿಗೋ ಹೆತ್ತವರಿಗೋ ತಿಳಿಸಿ, "ಬಾ, ನಾನೂ ಜೊತೆಗೆ ಬರ್ತೀನಿ" ಎನ್ನುವುದೇ ಗೆಳೆಯನ ಕೆಲಸ. ಇದನ್ನು ವಿದ್ಯಾರ್ಥಿಗಳಿಗೆ ಪರೀಕ್ಷೆಗೆ ತಿಂಗಳುಗಳ ಮುಂಚೆಯೇ, ಸ್ಪಷ್ಟ ಮಾತುಗಳಲ್ಲಿ ಹೇಳಿರಬೇಕು.

ಈಚಿನ ವರ್ಷಗಳಲ್ಲಿ ಈ ಲೆಕ್ಕಕ್ಕೆ ಹೊಸ ಅಂಶವೊಂದು ಸೇರಿದೆ. ಚಾಟ್‌ಬಾಟ್‌ಗಳು ಎಷ್ಟು ಸಲ ಕೇಳಿದರೂ ಬೇಸರಿಸುವುದಿಲ್ಲ, ನಗುವುದಿಲ್ಲ, ನಾಳೆ ಇನ್ನೊಬ್ಬರಿಗೆ ಹೇಳುವುದಿಲ್ಲ. ಕೇಳಿದ್ದಕ್ಕೆ ತೆರಬೇಕಾದದ್ದು ಇಲ್ಲಿ ಸೊನ್ನೆಗೆ ಇಳಿದಿದೆ, ನಾಚಿಕೆಯ ವಿದ್ಯಾರ್ಥಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಯಾವ ಬಗೆಯ ನೆರವು ಸಿಗುತ್ತದೆ ಎಂಬ ಹಳೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಟರ್ಕಿಯ ಪ್ರೌಢಶಾಲೆಯೊಂದರ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ಹಂಸಾ ಬಸ್ತಾನಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಸಾಮಾನ್ಯ ಚಾಟ್‌ಬಾಟ್ ಬಳಸಿ ಗಣಿತ ಅಭ್ಯಾಸ ಮಾಡಿದವರು ಅಭ್ಯಾಸದ ವೇಳೆ ಶೇ. 48ರಷ್ಟು ಉತ್ತಮವಾಗಿ ಮಾಡಿದರು. ಅದನ್ನು ಹಿಂತೆಗೆದುಕೊಂಡು ಪರೀಕ್ಷೆ ನಡೆಸಿದಾಗ, ಅದನ್ನು ಎಂದೂ ಬಳಸದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ರೂಪಿಸಿದ ಇನ್ನೊಂದು ಆವೃತ್ತಿಯಲ್ಲಿ ಈ ಹಾನಿ ಬಹುಮಟ್ಟಿಗೆ ಕಾಣಲಿಲ್ಲ. ಗೆಳೆಯನೊಬ್ಬ ಬೇಸತ್ತು "ಮುಂದಿನದು ನೀನೇ ಮಾಡು" ಎನ್ನುವ ಗಳಿಗೆಯೊಂದು ಇದೆಯಲ್ಲ, ಯಂತ್ರದ ಅಪಾರ ತಾಳ್ಮೆಯಲ್ಲಿ ಕಳೆದುಹೋಗುವುದು ಆ ಗಳಿಗೆಯೇ.

ಶಿಕ್ಷಕರ ಕೈಯಲ್ಲಿ ಇರುವುದೇನು? ರಯಾನ್ ಮತ್ತು ಸಂಗಡಿಗರು 1998ರಲ್ಲಿ ಆರನೆಯ ತರಗತಿಯ ಗಣಿತದ ಮಕ್ಕಳ ಬಗ್ಗೆ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದಕ್ಕೆ ಭರವಸೆಯ ಉತ್ತರ ಕೊಡುತ್ತದೆ. ಆತ್ಮವಿಶ್ವಾಸ ಕಡಿಮೆ ಇದ್ದ ಮಕ್ಕಳು ನೆರವನ್ನು ಹೆಚ್ಚು ತಪ್ಪಿಸುತ್ತಿದ್ದರು, ಇದು ನಿರೀಕ್ಷಿತವೇ. ಆದರೆ ಮಕ್ಕಳ ಮನಸ್ಸಿನ ಮತ್ತು ಒಡನಾಟದ ಅಗತ್ಯಗಳನ್ನು ನೋಡಿಕೊಳ್ಳುವುದೂ ತಮ್ಮ ಕೆಲಸ ಎಂದು ನಂಬಿದ್ದ ಶಿಕ್ಷಕರ ತರಗತಿಗಳಲ್ಲಿ, ಆತ್ಮವಿಶ್ವಾಸವಿದ್ದವರಿಗೂ ಇಲ್ಲದವರಿಗೂ ನಡುವಿನ ಈ ಅಂತರ ಕಡಿಮೆಯಾಗಿತ್ತು. ಒಬ್ಬರನ್ನೊಬ್ಬರು ಮೀರಿಸುವುದಕ್ಕೆ ಒತ್ತು ಕೊಡುವ ತರಗತಿಗಳಲ್ಲಿ ಕೇಳದಿರುವ ಪ್ರವೃತ್ತಿ ಹೆಚ್ಚಿತ್ತು.

ವಿದ್ಯಾರ್ಥಿಗಳಿಗೆ ಹೇಳಬೇಕಾದ ಒಂದು ಸಂಗತಿಯೂ ಇದೆ. ಕೇಳುವ ಮುನ್ನ ನಾವು ಹಾಕುವ ಲೆಕ್ಕ ಬಹಳ ಸಲ ತಪ್ಪಾಗಿರುತ್ತದೆ. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಪರಿಚಿತರಿಂದ ಸಣ್ಣ ನೆರವು ಪಡೆಯಲು ಎಷ್ಟು ಮಂದಿಯನ್ನು ಕೇಳಬೇಕಾದೀತು ಎಂದು ಜನ ಊಹಿಸಿದ ಸಂಖ್ಯೆ, ನಿಜವಾಗಿ ಕೇಳಬೇಕಾಗಿ ಬಂದದ್ದರ ಸುಮಾರು ಎರಡರಷ್ಟಿತ್ತು. ಕೇಳುವವರು "ಇಲ್ಲ" ಎಂಬ ಉತ್ತರವನ್ನು ಎದುರು ನೋಡುತ್ತಾರೆ, ಕೇಳಿಸಿಕೊಂಡವರಿಗೆ "ಇಲ್ಲ" ಎನ್ನುವುದು ಎಷ್ಟು ಕಷ್ಟ ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. ಅಪರಿಚಿತರ ವಿಷಯದಲ್ಲೇ ಹೀಗಿದ್ದರೆ, ಟೈಪ್ ಮಾಡಿ ಅಳಿಸಿದ ಆ ರಾತ್ರಿಯ ಸಂದೇಶಕ್ಕೆ ಗೆಳತಿ ಏನೆಂದು ಉತ್ತರಿಸುತ್ತಿದ್ದಳು ಎಂಬುದನ್ನು ಅಂದಾಜಿಸಬಹುದು.

ನಾನು ನನ್ನ ಮಟ್ಟಿಗೆ ಎರಡು ಬದಲಾವಣೆ ಮಾಡಿಕೊಂಡಿದ್ದೇನೆ. ತರಗತಿಯಲ್ಲಿ "ಡೌಟ್ ಇದೆಯಾ?" ಎಂದು ಕೇಳುವುದನ್ನು ಬಿಟ್ಟು, ಪಕ್ಕದವರೊಂದಿಗೆ ಎರಡು ನಿಮಿಷ ಮಾತಾಡಿ, ಇಬ್ಬರಿಗೂ ಅರ್ಥವಾಗದ ಒಂದು ಜಾಗವನ್ನು ಚೀಟಿಯಲ್ಲಿ ಬರೆದುಕೊಡಿ ಎನ್ನುತ್ತೇನೆ, ಚೀಟಿಯಲ್ಲಿ ಹೆಸರು ಬೇಡ. ಮೊದಲ ಸಲ ಬಂದ ಚೀಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಜಾಗವನ್ನು ತೋರಿಸಿದ್ದವು, ಅದನ್ನು ನಾನು ಕಪ್ಪುಹಲಗೆಯ ಮೇಲೆ ಬರೆದಾಗ ತರಗತಿಯಲ್ಲಿ ಎದ್ದ ಗುಜುಗುಜು ಇನ್ನೂ ನೆನಪಿದೆ. ಇನ್ನು ಪರೀಕ್ಷಾ ಕೊಠಡಿಯಲ್ಲಿ, ಪ್ರಶ್ನೆಪತ್ರಿಕೆ ಹಂಚಿದ ಕೂಡಲೇ ಎಲ್ಲರೂ ಪುಟಗಳನ್ನು ಎಣಿಸಿ, ಪ್ರತಿ ಪುಟದ ಅಚ್ಚು ನೋಡಿ ಎಂದು ಹೇಳಿ, ಒಂದು ನಿಮಿಷ ಕಾಯುತ್ತೇನೆ. ನಂತರ ಸಾಲುಗಳ ನಡುವೆ ನಡೆದು ಬರುತ್ತೇನೆ. ಪುಟ ಸರಿಯಿಲ್ಲದವರ ಕೈ ಈಗ ತಾನಾಗಿಯೇ ಏಳುತ್ತದೆ, ಹಿಂದಿನ ಸಾಲಿನವರಿಗಾಗಿ ಯಾರೂ ಕಾಯುವುದಿಲ್ಲ.